ಹಕ್ಕಿ ಕಾಗದ: ಬಣ್ಣ ಆಮೇಲೆ ಹೇಳಿ

ಈ ಸಲ ಬಂದ ಕಾಗದಗಳಲ್ಲಿ ಬಹುಪಾಲು ಒಂದೇ ಸಾಲಿನವು: ‘ಕಂದು ಬಣ್ಣದ ಹಕ್ಕಿ ನೋಡಿದೆ, ಹೆಸರೇನು?’ ಕಂದು ಬಣ್ಣದ ಹಕ್ಕಿಗಳಿಗೆ ನಮ್ಮಲ್ಲಿ ಬರಗಾಲವೇ ಸ್ವಾಮಿ? ಹಕ್ಕಿ ಗುಬ್ಬಿಯಷ್ಟಿತ್ತೋ, ಗೊರವಂಕದಷ್ಟೋ, ಕಾಗೆಯಷ್ಟೋ? ನೆಲದ ಮೇಲಿತ್ತೋ, ಕೊಂಬೆಯ ತುದಿಯಲ್ಲೋ? ಏನು ತಿನ್ನುತ್ತಿತ್ತು, ಹೇಗೆ ಕೂಗಿತು? ಇಷ್ಟನ್ನು ಮೊದಲು ಬರೆಯಿರಿ, ಬಣ್ಣ ಕೊನೆಗಿರಲಿ. ಕೆಳಗಿನ ನಾಲ್ವರು ಹಾಗೆ ಬರೆದಿದ್ದಾರೆ.

ನಮ್ಮ ಹಿತ್ತಿಲ ಪಪ್ಪಾಯಿಗೆ ಒಂದು ಹಕ್ಕಿ ದಿನಾ ಬರುತ್ತೆ. ಕಾಗೆಗಿಂತ ಸಣಕಲು, ಬಾಲ ಉದ್ದ, ಕಣ್ಣು ಕೆಂಪು. ಕಂದು ಮೈಮೇಲೆಲ್ಲ ಬಿಳಿ ಚುಕ್ಕೆ. ಕಾಗೆಗಳು ಕಂಡರೆ ಅಟ್ಟಿಸಿಕೊಂಡು ಹೋಗುತ್ತವೆ. ನಮ್ಮತ್ತೆ ಕೆಂಬೂತ ಅಂತಾರೆ, ಮಗ ಗಿಡುಗ ಅಂತಾನೆ. ಯಾರು ಸರಿ ಸಾರ್?
– ಗೃಹಿಣಿ, ತುಮಕೂರು

ಇಬ್ಬರೂ ಅಲ್ಲಮ್ಮ. ಅದು ಹೆಣ್ಣು ಕೋಗಿಲೆ.

ಕೋಗಿಲೆ ಅಂದರೆ ಕಪ್ಪು ಎಂದು ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ಮಿರಿಮಿರಿ ಕಪ್ಪು ಗಂಡಿಗೆ ಮಾತ್ರ. ದನಿಯನ್ನು ಏರಿಸುತ್ತಾ ‘ಕುಹೂ ಕುಹೂ’ ಎನ್ನುವುದೂ ಅದೇ. ಹೆಣ್ಣು ‘ಕಿಕ್ ಕಿಕ್ ಕಿಕ್’ ಎಂದು ಕಿರುಚುತ್ತಾ ಮರದಿಂದ ಮರಕ್ಕೆ ಓಡುತ್ತದೆ. ಆ ಕಿರುಚಾಟ ಕೇಳಿ ಇದೂ ಕೋಗಿಲೆಯೇ ಎಂದರೆ ನಂಬುವವರು ಕಡಿಮೆ. ಕವಿಗಳಂತೂ ಈ ಹೆಣ್ಣನ್ನು ಪೂರ್ತಿ ಮರೆತಿದ್ದಾರೆ.

ನಿಮ್ಮ ಕಾಗದದಲ್ಲಿ ನನಗೆ ಗುರುತು ಕೊಟ್ಟಿದ್ದು ಚುಕ್ಕೆಗಳಿಗಿಂತ ಹೆಚ್ಚಾಗಿ ಪಪ್ಪಾಯಿ ಮತ್ತು ಕಾಗೆ. ಪಪ್ಪಾಯಿ ತಿನ್ನುವ ಗಿಡುಗ ಇಲ್ಲ, ಮಗನಿಗೆ ಹೇಳಿ. ಕೋಗಿಲೆಗೆ ಹಣ್ಣೇ ಮುಖ್ಯ ಊಟ. ಇನ್ನು ಕಾಗೆಯ ಕೋಪಕ್ಕೆ ಕಾರಣವಿದೆ. ಕೋಗಿಲೆ ಗೂಡು ಕಟ್ಟುವುದಿಲ್ಲ, ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಮರಿ ಕಾಗೆಮರಿಗಿಂತ ಕೆಲವು ದಿನ ಮೊದಲೇ ಹೊರಬಂದು ತುತ್ತಿಗೆ ಬಾಯಿ ತೆರೆಯುತ್ತದೆ. ಜೂನ್, ಜುಲೈನಲ್ಲಿ ಕಾಗೆಯೊಂದು ಚುಕ್ಕೆಚುಕ್ಕೆಯ ಮರಿಗೆ ತುತ್ತು ಕೊಡುವುದು ಕಂಡರೆ ಮಗನನ್ನು ಕರೆದು ತೋರಿಸಿ.

ಅತ್ತೆಯವರಿಗೆ ಅರ್ಧ ಅಂಕ ಕೊಡಬಹುದು. ಕೆಂಬೂತವೂ ಕೋಗಿಲೆಯ ಕುಲದ್ದೇ, ಅದಕ್ಕೂ ಕೆಂಪು ಕಣ್ಣು. ಆದರೆ ಅದರ ಮೈ ಕಪ್ಪು, ರೆಕ್ಕೆ ಇಟ್ಟಿಗೆ ಬಣ್ಣ. ಹಣ್ಣಿನ ಮರಕ್ಕಿಂತ ಬೇಲಿಯ ಬುಡ ಅದಕ್ಕೆ ಇಷ್ಟ. ಅಲ್ಲಿ ಬಸವನಹುಳು, ಓತಿಕ್ಯಾತ ಹುಡುಕುತ್ತಾ ನಡೆದಾಡುತ್ತದೆ. ಹಾರು ಅಂದರೆ ಸೋಮಾರಿ. ‘ಊಪ್ ಊಪ್ ಊಪ್’ ಎಂಬ ಗುಮ್ಮನ ದನಿ ಅದರದ್ದು. ನವಿಲನ್ನು ನೋಡಿ ಪುಕ್ಕ ಕೆದರಿತು ಎಂದು ಗಾದೆ ಕಟ್ಟಿ ನಾವು ಅದನ್ನು ಆಡಿಕೊಂಡೆವು. ಅದು ಮಾತ್ರ ತನ್ನ ಗೂಡು ತಾನೇ ಕಟ್ಟಿ, ತನ್ನ ಮರಿ ತಾನೇ ಸಾಕುತ್ತದೆ.

ಸ್ಕೂಟರಿನ ಕನ್ನಡಿಯನ್ನು ಗುಬ್ಬಿಗಿಂತ ಚಿಕ್ಕ ಹಕ್ಕಿಯೊಂದು ಬೆಳಗಿನಿಂದ ಕುಕ್ಕುತ್ತದೆ. ಕೊಕ್ಕು ಬಾಗಿದೆ. ನೆರಳಲ್ಲಿ ಕಪ್ಪು, ಬಿಸಿಲಲ್ಲಿ ನೀಲಿ. ಮನೆಗೆ ಏನಾದರೂ ಕೆಡುಕೇ?
– ಅಂಗನವಾಡಿ ಕಾರ್ಯಕರ್ತೆ, ಭದ್ರಾವತಿ

ಕೆಡುಕು ಹಕ್ಕಿಗೇ. ಇದು ಸೂರಕ್ಕಿಯ ಗಂಡು, ಹೊಟ್ಟೆಯೂ ಕಪ್ಪಾಗಿದ್ದರೆ ನೇರಳೆ ಸೂರಕ್ಕಿ. ಹೊಟ್ಟೆ ಹಳದಿಯಿದ್ದರೆ ಬೇರೆ ಜಾತಿ, ನೋಡಿ ಬರೆಯಿರಿ. ಗೂಡು ಕಟ್ಟುವ ಕಾಲದಲ್ಲಿ ಕನ್ನಡಿಯೊಳಗಿನ ತನ್ನನ್ನೇ ಜಾಗಕ್ಕೆ ಬಂದ ಇನ್ನೊಂದು ಗಂಡೆಂದು ತಿಳಿದು ಜಗಳಕ್ಕಿಳಿಯುತ್ತದೆ. ಎದುರಾಳಿ ಸೋಲುವುದೂ ಇಲ್ಲ, ಓಡುವುದೂ ಇಲ್ಲ. ಸ್ಕೂಟರ್ ನಿಲ್ಲಿಸಿದಾಗ ಕನ್ನಡಿಗೆ ಹಳೆಯ ಕಾಲುಚೀಲ ತೊಡಿಸಿ. ಆಮೇಲೆ ದಾಸವಾಳದ ಗಿಡದಲ್ಲೋ, ಜಗಲಿಯ ತಂತಿಯಲ್ಲೋ ಜೇಡರಬಲೆ, ಕಸಕಡ್ಡಿ ಸೇರಿಸಿದ ಚೀಲದಂಥ ಗೂಡು ನೇತಾಡುತ್ತಿದೆಯೇ ನೋಡಿ. ಕಸವೆಂದು ಪೊರಕೆ ಎತ್ತಬೇಡಿ.

ಸಂತಾನದ ಕಾಲ ಮುಗಿದ ಮೇಲೆ ಈ ಗಂಡಿನ ಥಳಕು ಇಳಿದು, ಹೆಣ್ಣಿನಂತೆ ಮಂಕು ಹಳದಿಯಾಗಿ, ಗಂಟಲಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆಯಷ್ಟೇ ಉಳಿಯುತ್ತದೆ. ಆಗ ‘ಹೊಸ ಹಕ್ಕಿ ಬಂದಿದೆ’ ಎಂದು ಇನ್ನೊಂದು ಕಾಗದ ಹಾಕಬೇಡಿ, ಅದೇ ಇದು.

ದಾಂಡೇಲಿಯಲ್ಲಿ, ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಮೊಬೈಲಿನ ಮರ್ಲಿನ್ ಆ್ಯಪ್ ಒಂದೇ ಮರದಲ್ಲಿ ಶಿಕ್ರಾ ಎಂಬ ಸಣ್ಣ ಗಿಡುಗ, ಎಲೆಹಕ್ಕಿ, ಹರಟೆಮಲ್ಲ ಎಲ್ಲ ಇವೆ ಎಂದಿತು. ಕಂಡದ್ದು ಬಾಲಕ್ಕೆ ಎರಡು ದಾರ ಕಟ್ಟಿಕೊಂಡಂತಿದ್ದ ಒಂದು ಕರಿಹಕ್ಕಿ ಮಾತ್ರ. ಆ್ಯಪ್ ತೆಗೆದುಹಾಕಲೇ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಬೇಡ. ನಿಮ್ಮ ಆ್ಯಪನ್ನು ಯಾಮಾರಿಸಿದ್ದು ಭೀಮರಾಜ. ದಾರದ ತುದಿಯಲ್ಲಿ ಪುಟ್ಟ ಗರಿ, ಹಣೆಯ ಮೇಲೆ ಜುಟ್ಟು ಇದ್ದಿರಬೇಕು. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ಇದನ್ನು ಮೀರಿಸುವವರು ನಮ್ಮ ಕಾಡಿನಲ್ಲಿ ಕಡಿಮೆ. ನಾನು ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಆಗಿದ್ದಾಗ ಹಾಜರಿ ಕರೆಯುವ ಹೊತ್ತಿಗೆ ಇದು ಗಿಡುಗನ ಕೂಗು ಹಾಕಿ, ಕೂಲಿಯವರ ಲೈನ್‌ಮನೆಗಳ ಹೆಂಗಸರೆಲ್ಲ ಕೋಳಿಮರಿ ಮುಚ್ಚಲು ಓಡುತ್ತಿದ್ದರು. ಹಾಜರಿ ಪುಸ್ತಕ ಹಿಡಿದು ನಾನೊಬ್ಬನೇ ನಿಂತಿರುತ್ತಿದ್ದೆ.

ಆ್ಯಪ್ ಹೇಳಿದ ಹೆಸರನ್ನು ಸುಳಿವೆಂದು ತಿಳಿದು ಆ ಹಕ್ಕಿಯನ್ನು ಕಣ್ಣಿನಿಂದ ಹುಡುಕಿ. ಕಂಡದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ.

ಉಳಲು ಹೋದರೆ ಟಿಟ್ಟಿಭ ತಲೆಮೇಲೇ ಎರಗುತ್ತೆ. ಬರಿ ನೆಲದಲ್ಲಿ ಕಲ್ಲಿನಂಥ 4 ಮೊಟ್ಟೆ ಇವೆ. ಎತ್ತಿ ಬದುವಿಗೆ ಇಡಲೇ?
– ರೈತರು, ಹಿರಿಯೂರು

ಮುಟ್ಟಬೇಡಿ. ಜಾಗ ಬದಲಾದರೆ ತಾಯಿ ಬಂದು ಕೂರುತ್ತದೆಂಬ ಭರವಸೆಯಿಲ್ಲ. ಸುತ್ತ 4 ಕಡ್ಡಿ ನೆಟ್ಟು, ಅಷ್ಟು ಬಿಟ್ಟು ಉತ್ತುಕೊಳ್ಳಿ. ಕಾವು ಸುಮಾರು 4 ವಾರದ್ದು. ಬಿಸಿಲು ಜೋರಾದರೆ ಹಕ್ಕಿ ಹೊಂಡದಲ್ಲಿ ಎದೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ಬದುವಿನ ಮೇಲೆ ದೂರ ಕೂತರೆ ಕಾಣಬಹುದು. ಮೊಟ್ಟೆಯೊಡೆದ ಮರಿಗಳು ಬೇಗನೆ ಎದ್ದು ತಾಯಿಯ ಹಿಂದೆ ನಡೆದುಬಿಡುತ್ತವೆ. ಆಮೇಲೆ ಉಳಿದ ತುಂಡನ್ನೂ ಉತ್ತುಬಿಡಿ.