ಅನಸ್ತೇಶಿಯಾದಲ್ಲಿ ಇಷ್ಟೊಂದು ಹುಡುಗಿಯರಿದ್ದರೂ ಐಸಿಯು ಮುಖ್ಯಸ್ಥರು ಮಾತ್ರ ಗಂಡಸರೇ ಯಾಕೆ? ನಾನು ಆ ಕಡೆ ಹೋಗಬಹುದಾ?

ಎಂ.ಡಿ. ಅನಸ್ತೇಶಿಯಾ (ಅರಿವಳಿಕೆ) ಕೊನೆಯ ವರ್ಷದಲ್ಲಿದ್ದೀರಿ. ನಿಮ್ಮ ಬ್ಯಾಚಿನಲ್ಲಿ ಹುಡುಗಿಯರೇ ಜಾಸ್ತಿ. ಆದರೆ ನೀವು ಪೋಸ್ಟಿಂಗ್‌ಗೆ ಹೋದ ಐಸಿಯುಗಳನ್ನೆಲ್ಲ ನಡೆಸುತ್ತಿರುವವರು ಗಂಡಸರು. ಕ್ರಿಟಿಕಲ್ ಕೇರ್‌ನಲ್ಲಿ (ಐಸಿಯು ಚಿಕಿತ್ಸೆಯಲ್ಲಿ) ಡಿ.ಎಂ., ಅಂದರೆ ಎಂ.ಡಿ. ನಂತರದ ಪದವಿ, ಮಾಡುತ್ತೇನೆ ಅಂದರೆ ಮನೆಯವರು "ಹೆಣ್ಣುಮಕ್ಕಳಿಗೆ ಅದು ಆಗಿಬರಲ್ಲ" ಅನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ನಾನೂ ಅನಸ್ತೇಶಿಯಾ ಓದಿ ಐಸಿಯುಗೆ ಬಂದವಳು, ಕರ್ನಾಟಕದಲ್ಲಿ ಸರ್ಕಾರಿ, ಖಾಸಗಿ ಎರಡೂ ಕಡೆ ಕೆಲಸ ಮಾಡಿದ್ದೇನೆ. ನನ್ನ ಉತ್ತರ: ಖಂಡಿತ ಹೋಗಿ. ಆದರೆ ಅಲ್ಲಿ ಹೆಂಗಸರು ಎಲ್ಲಿ, ಹೇಗೆ ಕಡಿಮೆಯಾಗುತ್ತಾರೆ ಅನ್ನುವುದನ್ನು ತಿಳಿದುಕೊಂಡು ಹೋಗಿ.

ಈ ಕೆಲಸಕ್ಕೆ ಹೆಂಗಸರು ಹೊಸಬರೇನಲ್ಲ. ನಮ್ಮ ಪಕ್ಕದ ಹೈದರಾಬಾದಿನಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬುವರು 1889ರಲ್ಲೇ ವೈದ್ಯಕೀಯ ಓದು ಮುಗಿಸಿ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನೇ ಗುರುತಿಸುತ್ತಾರೆ. ನಮ್ಮ ಕಾಲೇಜುಗಳಲ್ಲಿ ಇದನ್ನು ಯಾರೂ ಹೇಳಿಕೊಡುವುದಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಹುಟ್ಟಿದ ಕೂಡಲೇ ಮಗುವಿನ ಸ್ಥಿತಿಯನ್ನು ಅಳೆಯುವ ಅಪ್ಗಾರ್ ಸ್ಕೋರ್ ನಿಮಗೆ ಗೊತ್ತೇ ಇದೆ. ಅದನ್ನು ಕೊಟ್ಟ ವರ್ಜೀನಿಯಾ ಅಪ್ಗಾರ್ ಅವರ ಕಥೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಅವರು ಸರ್ಜನ್ ಆಗಬೇಕೆಂದಿದ್ದವರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸರ್ಜರಿಯ ಮುಖ್ಯಸ್ಥರಾಗಿದ್ದ ಅಲನ್ ವಿಪಲ್ "ಅದು ಬೇಡ, ಅನಸ್ತೇಶಿಯಾಕ್ಕೆ ಹೋಗು" ಎಂದು ಸಲಹೆ ಕೊಟ್ಟರು. 1938ರಿಂದ ಅಪ್ಗಾರ್ ಅಲ್ಲಿನ ಅನಸ್ತೇಶಿಯಾ ಘಟಕವನ್ನು ಕಟ್ಟಿ ಬೆಳೆಸಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾಯಿತು. ಆಗ ಮುಖ್ಯಸ್ಥರಾಗಿ ಬಂದವರು ಇಮ್ಯಾನುಯೆಲ್ ಪ್ಯಾಪರ್. ಅಪ್ಗಾರ್‌ಗೆ ಪ್ರೊಫೆಸರ್ ಪದವಿ ಸಿಕ್ಕಿತು, ಆ ಕಾಲೇಜಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ವಿಭಾಗ ಮಾತ್ರ ಸಿಗಲಿಲ್ಲ. ಕೆಲಸ ಚಿಕ್ಕದಾಗಿದ್ದಾಗ ಹೆಂಗಸರ ಕೈಯಲ್ಲಿರುತ್ತದೆ, ಅದಕ್ಕೆ ಹೆಸರು, ಬಜೆಟ್ಟು, ಅಧಿಕಾರ ಬಂದ ಕೂಡಲೇ ಕೈ ಬದಲಾಗುತ್ತದೆ. ಇದನ್ನು ನಾನು ನಮ್ಮ ಕಡೆಯೂ ನೋಡಿದ್ದೇನೆ.

ಈಗ ನಮ್ಮ ವಿಷಯಕ್ಕೆ ಬನ್ನಿ. ಎಂ.ಬಿ.ಬಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಡಿ.ಎಂ.ಗೆ ಇನ್ನೂ ಮೂರು. ಎಲ್ಲೂ ಒಂದು ವರ್ಷ ಹಾಳಾಗದಿದ್ದರೂ ಮುಗಿಯುವ ಹೊತ್ತಿಗೆ ಮೂವತ್ತರ ಹತ್ತಿರ. ಮದುವೆ, ಬಸಿರು, ಬಾಣಂತನ ಎಲ್ಲ ಬರುವುದೂ ಆಗಲೇ. ಅದೇ ಸಮಯದಲ್ಲಿ ಆಸ್ಪತ್ರೆಯವರು ತುಂಬಾ ಪ್ರೀತಿಯಿಂದ ಒಂದು ಮಾತು ಹೇಳುತ್ತಾರೆ: "ಮೇಡಂ, ಮಗು ಚಿಕ್ಕದಿದೆ, ನೀವು ಬೆಳಗಿನ ಆಪರೇಷನ್ ಲಿಸ್ಟ್ ನೋಡಿಕೊಳ್ಳಿ, ಐಸಿಯು ನೈಟ್ ಅವರು ಮಾಡ್ತಾರೆ." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಐಸಿಯು ಕಲಿಯುವುದೇ ರಾತ್ರಿಯಲ್ಲಿ. ಸೋಂಕು ವಿಷಮಿಸಿ (ಸೆಪ್ಸಿಸ್) ಬಿಪಿ ನಿಲ್ಲದ ಪೇಷೆಂಟ್ ಬರುವುದು, ಡಯಾಲಿಸಿಸ್ ಹಾಕಬೇಕೋ ಬೇಡವೋ ಎಂದು ಒಬ್ಬರೇ ನಿರ್ಧರಿಸಬೇಕಾಗಿ ಬರುವುದು, ಇನ್ನು ಉಳಿಯುವುದು ಕಷ್ಟ ಎಂದು ಮನೆಯವರಿಗೆ ಹೇಳಬೇಕಾಗುವುದು ಹೆಚ್ಚಾಗಿ ಆಗಲೇ. ಕೆಲವು ವರ್ಷ ಕಳೆದ ಮೇಲೆ ಮುಖ್ಯಸ್ಥರನ್ನು ಆರಿಸುವಾಗ "ಅವರಿಗೆ ಐಸಿಯು ಅನುಭವ ಜಾಸ್ತಿ" ಎಂದು ಗಂಡಸಿನ ಹೆಸರು ಬರುತ್ತದೆ. ಆ ಅನುಭವ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂದು ಯಾರೂ ಕೇಳುವುದಿಲ್ಲ.

ರಾತ್ರಿ ಕೆಲಸ ಹೆಂಗಸರಿಗೆ ಕಷ್ಟ ಅನ್ನುವ ವಾದ ನಿಜವೇ ಆಗಿದ್ದರೆ ನಮ್ಮ ಆಸ್ಪತ್ರೆಗಳು ಒಂದು ರಾತ್ರಿಯೂ ನಡೆಯುತ್ತಿರಲಿಲ್ಲ. ಐಸಿಯುನಲ್ಲಿ ಬೆಳಗಿನವರೆಗೆ ಕಣ್ಣುಮುಚ್ಚದೆ ಇರುವ ಸಿಸ್ಟರ್‌ಗಳಲ್ಲಿ ಹೆಚ್ಚಿನವರು ಹೆಂಗಸರೇ ಅಲ್ವಾ? ಜಿಲ್ಲೆ, ತಾಲ್ಲೂಕು ಊರುಗಳಲ್ಲಿ ನಡುರಾತ್ರಿ ಸಿಸೇರಿಯನ್‌ಗೆ ಕರೆ ಬಂದರೆ ತಾವೇ ಕಾರು ಓಡಿಸಿಕೊಂಡು ನರ್ಸಿಂಗ್ ಹೋಮಿಗೆ ಹೋಗುವ ಅನಸ್ತೇಶಿಯಾ ಮೇಡಂಗಳು ಎಷ್ಟು ಜನ! ಅವರಿಗೆ ಯಾರೂ "ರಾತ್ರಿ ಬೇಡಮ್ಮ" ಅನ್ನುವುದಿಲ್ಲ. ಅಲ್ಲಿ ಅವರಿಲ್ಲದೆ ಕೆಲಸ ಆಗುವುದಿಲ್ಲ, ಅಷ್ಟೇ.

ಸುರಕ್ಷತೆಯ ಭಯ ಬೇರೆ. ಅದು ನಿಜವಾದದ್ದು. ಆಗಸ್ಟ್ 2024ರಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಕಾಲೇಜಿನಲ್ಲಿ ಡ್ಯೂಟಿಯಲ್ಲಿದ್ದ ವೈದ್ಯೆಯ ಕೊಲೆಯಾದ ಮೇಲೆ ನಿಮ್ಮ ತಂದೆತಾಯಿ ಹೆದರಿದರೆ ಅವರನ್ನು ತಪ್ಪು ಅನ್ನಲಾರೆ. ಆದರೆ ಆಗ ಪಶ್ಚಿಮ ಬಂಗಾಳ ಸರ್ಕಾರ ಸಾಧ್ಯವಾದಷ್ಟೂ ಮಹಿಳೆಯರಿಗೆ ನೈಟ್ ಕೊಡಬೇಡಿ ಎಂದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಭದ್ರತೆ ಕೊಡುವುದು ಸರ್ಕಾರದ ಕೆಲಸ, ಮಹಿಳೆಯರು ರಾತ್ರಿ ಕೆಲಸ ಮಾಡಬಾರದು ಅನ್ನುವಂತಿಲ್ಲ ಎಂದಿತು. ನಾನು ಕೇಳುವುದೂ ಅದನ್ನೇ. ಒಳಗಿನಿಂದ ಚಿಲಕ ಹಾಕುವ ಡ್ಯೂಟಿ ರೂಮು, ಅದಕ್ಕೆ ಅಂಟಿಕೊಂಡೇ ಟಾಯ್ಲೆಟ್, ಐಸಿಯು ಬಾಗಿಲಲ್ಲಿ ಸೆಕ್ಯುರಿಟಿ. ಇವಿಷ್ಟೂ ಇಲ್ಲದ ಎಷ್ಟೋ ಐಸಿಯುಗಳಲ್ಲಿ ಲಕ್ಷಗಟ್ಟಲೆ ಬೆಲೆಯ ವೆಂಟಿಲೇಟರ್‌ಗಳಿವೆ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು ಎಂದಾಯಿತು. ಆದರೆ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಎಷ್ಟೋ ಕನ್ಸಲ್ಟೆಂಟ್‌ಗಳಿಗೆ ಕೊಡುವುದು ಸಂಬಳವಲ್ಲ, ಪ್ರೊಫೆಷನಲ್ ಫೀ. ಕಾಗದದ ಮೇಲೆ ಅವರು ನೌಕರರೇ ಅಲ್ಲ. ಬಾಣಂತನಕ್ಕೆ ಹೋದರೆ ಆ ತಿಂಗಳುಗಳ ದುಡ್ಡು ಇಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇದನ್ನು ಓದಿ.

ಪೇಷೆಂಟ್ ಕಡೆಯವರು ನಿಮ್ಮನ್ನು ಸಿಸ್ಟರ್ ಅಂತ ಕರೆದು, ಪಕ್ಕದಲ್ಲಿರುವ ಜೂನಿಯರ್ ಹುಡುಗನನ್ನು "ಡಾಕ್ಟ್ರೇ, ಹೇಗಿದ್ದಾರೆ?" ಎಂದು ಕೇಳುವುದು ನಡೆದೇ ಇರುತ್ತದೆ. ನಿಮ್ಮ ಹೆಸರು ಹೇಳಿ, ನಾನೇ ಇಲ್ಲಿನ ಡಾಕ್ಟರ್ ಎಂದು ಹೇಳಿ, ಮಾತು ಮುಂದುವರಿಸಿ. ಆ ಹುಡುಗ ಒಳ್ಳೆಯವನಾಗಿದ್ದರೆ ಅವನೇ "ಮೇಡಂ ಹತ್ರ ಕೇಳಿ" ಅನ್ನುತ್ತಾನೆ.

ಕೌನ್ಸೆಲಿಂಗ್‌ನಲ್ಲಿ ಸೀಟು ಆರಿಸುವ ಮುಂಚೆ ಆ ಕಾಲೇಜಿನಲ್ಲಿ ಈಗ ಡಿ.ಎಂ. ಓದುತ್ತಿರುವ ಹುಡುಗಿಯೊಬ್ಬಳಿಗೆ ಫೋನ್ ಮಾಡಿ. ನೈಟ್ ಎಲ್ಲರಿಗೂ ಸಮನಾಗಿ ಬರುತ್ತದಾ, ಬಸುರಿಯಾದವರಿಗೆ ವಿಕಿರಣ ತಾಗುವ ಎಕ್ಸ್-ರೇ, ಕ್ಯಾತ್ ಲ್ಯಾಬ್ (ಹೃದಯದ ರಕ್ತನಾಳ ನೋಡುವ ಕೋಣೆ) ಡ್ಯೂಟಿ ಬದಲಿಸಿಕೊಡುತ್ತಾರಾ, ಬಾಣಂತನ ಮುಗಿಸಿ ಬಂದವರಿಗೆ ಮತ್ತೆ ಐಸಿಯುನೇ ಸಿಕ್ಕಿತಾ ಎಂದು ಕೇಳಿ. ಆ ಕೊನೆಯ ಪ್ರಶ್ನೆಗೆ ಅವಳು ತಡವರಿಸಿದರೆ ಪಟ್ಟಿಯಲ್ಲಿ ಮುಂದಿನ ಕಾಲೇಜು ನೋಡಿ.