ಓದುಗರ ಪ್ರಶ್ನೆ: ಘಟ್ಟದ ಮೇಲೆ, ಘಟ್ಟದ ಕೆಳಗೆ

ಪ್ರಶ್ನೆ: ಸೋಮೇಶ್ವರದಲ್ಲಿ ನಿಂತರೆ ಆಗುಂಬೆ ಗೋಡೆಯಂತೆ ಕಾಣುತ್ತದೆ. ತೀರ್ಥಹಳ್ಳಿ ಕಡೆಯಿಂದ ಹೋದರೆ ಘಟ್ಟ ಹತ್ತಿದ್ದೇ ತಿಳಿಯುವುದಿಲ್ಲ. ಏಕೆ? (ಹೆಬ್ರಿಯ ಓದುಗರು)

ಉತ್ತರ: ಆ ಕಡೆಯಿಂದ ನೀವು ಹತ್ತುವುದೇ ಇಲ್ಲ ಅನ್ನಬಹುದು. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 645. ಮೂವತ್ತು ಚಿಲ್ಲರೆ ಕಿಲೋಮೀಟರ್ ದಾರಿಗೆ ಏರಿಕೆ ಐವತ್ತೈದು ಮೀಟರ್ ಅಷ್ಟೇ. ಅದೇ ಆಗುಂಬೆಯಿಂದ ಕೆಳಗೆ 14 ಹೇರ್‌ಪಿನ್ ತಿರುವು ಸುತ್ತುವಷ್ಟರಲ್ಲಿ ಐನೂರು ಮೀಟರಿನಷ್ಟು ಇಳಿದಿರುತ್ತೀರಿ. ಪಶ್ಚಿಮ ಘಟ್ಟ ಹಿಮಾಲಯದ ಹಾಗೆ ನೆಲ ಮಡಿಕೆ ಬಿದ್ದು ಎದ್ದದ್ದಲ್ಲ, ದಖನ್ ಪ್ರಸ್ಥಭೂಮಿಯ ಒಡೆದ ಪಶ್ಚಿಮದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್, ಆಮೇಲೆ ಸೇಶೆಲ್ಸ್ ನಮ್ಮ ಭೂಭಾಗದಿಂದ ಬಿರಿದು ದೂರವಾದವು. ಹಾಗೆ ಉಳಿದ ಅಂಚನ್ನು ಪಡುವಣ ಹೊಳೆಗಳು ಕೊರೆಯುತ್ತಾ ಬಂದಿವೆ, ಅಂಚು ಪೂರ್ವಕ್ಕೆ ಸರಿಯುತ್ತಲೇ ಇದೆ.

ಇದನ್ನು ಕಾಗದದ ಮೇಲೆ ನೋಡಬೇಕೆಂದರೆ 1:50,000 ಪ್ರಮಾಣದ ಸರ್ವೆ ನಕಾಶೆ ತೆಗೆದುಕೊಂಡು, ಸೋಮೇಶ್ವರದಿಂದ ಪೂರ್ವಕ್ಕೆ ಗೆರೆ ಎಳೆಯಿರಿ. ಗೆರೆಯನ್ನು ದಾಟುವ ಪ್ರತಿ ಸಮೋನ್ನತಿ ರೇಖೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎತ್ತರವನ್ನು ಗ್ರಾಫ್ ಹಾಳೆಗೆ ಇಳಿಸಿ. ಒಂದು ರೇಖೆಗೂ ಇನ್ನೊಂದಕ್ಕೂ 20 ಮೀಟರ್ ಅಂತರ. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪುವುದು ಇಲ್ಲೇ: ಅಡ್ಡಕ್ಕೂ ಉದ್ದಕ್ಕೂ ಒಂದೇ ಪ್ರಮಾಣ ಹಿಡಿದರೆ 500 ಮೀಟರಿನ ಕಡಿದಾದ ಇಳಿತ ಬರೀ 1 ಸೆಂಟಿಮೀಟರ್ ಆಗುತ್ತದೆ, ಏನೂ ಕಾಣುವುದಿಲ್ಲ. ಎತ್ತರಕ್ಕೆ ಮಾತ್ರ 1 ಸೆಂ.ಮೀ.ಗೆ 100 ಮೀಟರ್ ಹಿಡಿಯಿರಿ. ಐದು ಪಟ್ಟು ಹಿಗ್ಗಿಸಿದ್ದೆಂದು ಪಕ್ಕದಲ್ಲಿ ಬರೆಯಲು ಮರೆಯಬೇಡಿ.

ಪ್ರಶ್ನೆ: ಕಡಲು ಇಷ್ಟು ಹತ್ತಿರವಿದ್ದೂ ಕಾವೇರಿ ಪೂರ್ವಕ್ಕೆ ಹರಿಯುವುದೇಕೆ? (ಮಂಡ್ಯ)

ಉತ್ತರ: ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ, ನೀರು ವಾಲಿದತ್ತ ಹೋಗುತ್ತದೆ. ತಲಕಾವೇರಿ ಇರುವುದು ಅಂಚಿನಿಂದ ಸ್ವಲ್ಪ ಒಳಗೆ, ಹಾಗಾಗಿ ಅದು ಸುಮಾರು 800 ಕಿಲೋಮೀಟರ್ ಸಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ಶರಾವತಿಯೂ ಅಂಬುತೀರ್ಥದಲ್ಲಿ, ಘಟ್ಟದ ಮೇಲೆಯೇ ಹುಟ್ಟುತ್ತದೆ; ಆದರೆ ಅಂಚಿನ ಗುಂಟ ವಾಯವ್ಯಕ್ಕೆ ಹರಿದು ಕೊನೆಗೆ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ 253 ಮೀಟರ್ ಧುಮುಕುತ್ತದೆ.

ಪ್ರಶ್ನೆ: ಆನೆಮುಡಿಯೋ ದೊಡ್ಡಬೆಟ್ಟವೋ, ಯಾವುದು ಎತ್ತರ? (ಮೈಸೂರು)

ಉತ್ತರ: ಆನೆಮುಡಿ, 2,695 ಮೀಟರ್. ದೊಡ್ಡಬೆಟ್ಟ 2,637. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930. ಅದು ಅಂಚಿನ ಸಾಲಿನಲ್ಲಿಲ್ಲ, ಪೂರ್ವಕ್ಕೆ ಕುದುರೆಲಾಳದಂತೆ ಬಾಗಿದ ಚಂದ್ರದ್ರೋಣದಲ್ಲಿದೆ. ಆನೆಮುಡಿಗೂ ದೊಡ್ಡಬೆಟ್ಟಕ್ಕೂ ನಡುವೆ ಪಾಲಕ್ಕಾಡು ಕಂಡಿ ಇದೆ. 1,600 ಕಿಲೋಮೀಟರ್ ಸಾಲಿನಲ್ಲಿ ಅಷ್ಟು ಅಗಲದ ಬಾಗಿಲು ಅದೊಂದೇ.

ಪ್ರಶ್ನೆ: ಮನೆ ಹಿಂದಿನ ಧರೆ (ಕಡಿದಾದ ಮಣ್ಣಿನ ದಿಬ್ಬ) ಕುಸಿಯುವ ಮುನ್ಸೂಚನೆ ಏನು? 2018ರ ಮಳೆಯ ನಂತರ ಪ್ರತಿ ಆಗಸ್ಟ್‌ನಲ್ಲೂ ಭಯ. (ಮಡಿಕೇರಿ ತಾಲ್ಲೂಕು)

ಉತ್ತರ: ನಿಮ್ಮ ಭಯ ಸಕಾರಣ. ಕಡಿದಾದ ಇಳಿಜಾರಿನಲ್ಲಿ ಬಂಡೆಯ ಮೇಲೆ ಕೊಳೆತ ಕಲ್ಲಿನ ದಪ್ಪ ಮಣ್ಣಿನ ಪದರವಿದೆ. ದಿನಗಟ್ಟಲೆ ಮಳೆ ಹಿಡಿದರೆ ಇಂಗಿದ ನೀರು ಬಂಡೆಯ ಮೇಲೆ ನಿಂತು, ಮೇಲಿನ ಮಣ್ಣನ್ನು ಒಳಗಿನಿಂದಲೇ ಎತ್ತಿ ಸಡಿಲ ಮಾಡುತ್ತದೆ. ಮನೆಗೋ ರಸ್ತೆಗೋ ಬುಡ ಕಡಿದಿದ್ದರೆ ಅದಕ್ಕೆ ಆತುಕೊಳ್ಳಲು ಏನೂ ಉಳಿದಿರುವುದಿಲ್ಲ.

ಧರೆಯ ನೆತ್ತಿಯಲ್ಲಿ ಕುಡುಗೋಲಿನ ಆಕಾರದ ಬಿರುಕು, ವಾಲಿದ ಸಿಲ್ವರ್ ಓಕ್, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಬುಡದಲ್ಲಿ ಹೊಸ ಒರತೆ, ಇವನ್ನು ಹುಡುಕಿ. ಮೇ ಒಳಗೆ ಬಿರುಕಿಗೆ ಜೇಡಿಮಣ್ಣು ತುಂಬಿ ಗುದ್ದಿ. ನೆತ್ತಿಯ ಮೇಲ್ಗಡೆ ಚರಂಡಿ ತೋಡಿ ನೀರನ್ನು ಪಕ್ಕದ ಹಳ್ಳಕ್ಕೆ ಬಿಡಿ, ಚರಂಡಿಗೆ ಕಲ್ಲು ಹಾಸದಿದ್ದರೆ ಅದೇ ನೀರು ಇಂಗಿಸುತ್ತದೆ. ಬಯಲುಸೀಮೆಗೆ ವರವಾದ ಇಂಗುಗುಂಡಿಯನ್ನು ಧರೆಯ ಮೇಲೆ ತೋಡಲೇಬೇಡಿ. ತಡೆಗೋಡೆ ಕಟ್ಟುವವರು ಹೆಚ್ಚಾಗಿ ಸಿಮೆಂಟಿಗೆ ಹಣ ಸುರಿದು ನೀರಿಗೆ ದಾರಿ ಬಿಡುವುದಿಲ್ಲ. ಮೀಟರಿಗೊಂದರಂತೆ 100 ಮಿ.ಮೀ. ವ್ಯಾಸದ ಪೈಪು, ಹೊರಗಡೆಗೆ ತುಸು ಇಳಿಜಾರಾಗಿ ಇರಲಿ. ಹಿಂದೆ ಜಲ್ಲಿ ತುಂಬಿ. ಇಲ್ಲದಿದ್ದರೆ ಗೋಡೆ ಹಿಂದೆ ನೀರು ಕೂಡಿ ಗೋಡೆಯನ್ನೇ ನೂಕುತ್ತದೆ.

ತಿಳಿಯಾಗಿದ್ದ ಒರತೆ ಕೆಂಪಗಾದರೆ ಇಲ್ಲವೇ ಮಳೆ ಸುರಿಯುತ್ತಿದ್ದರೂ ಹಳ್ಳದ ನೀರು ಏಕಾಏಕಿ ತಗ್ಗಿದರೆ ಸಾಮಾನು ಕಟ್ಟುತ್ತಾ ಕೂರಬೇಡಿ. ದನಗಳ ಹಗ್ಗ ಬಿಚ್ಚಿ, ಹಳ್ಳದ ಗುಂಟ ಕೆಳಗಿಳಿಯದೆ ಇಳಿಜಾರಿಗೆ ಅಡ್ಡಲಾಗಿ ಪಕ್ಕದ ದಿಣ್ಣೆಗೆ ಹೋಗಿ.