ಮೊದಲು ಕೂಡುವುದೋ, ಕಳೆಯುವುದೋ?

ಪ್ರಶ್ನೆ: ಮಗಳ ಹೋಂವರ್ಕ್‌ನಲ್ಲಿ 20 − 8 + 5 ಎಷ್ಟು ಅಂತ ಇತ್ತು. ಅವಳು 17 ಎಂದು ಬರೆದಿದ್ದಳು. ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅಂತ ನೆನಪಿಡಲು ಕಲಿಸುವ ಬೋಡ್‌ಮಾಸ್‌ನಲ್ಲಿ ಕೂಡುವುದು ಮೊದಲು ಬರುತ್ತದಲ್ಲ, ಹಾಗಾಗಿ 8 ಮತ್ತು 5 ಕೂಡಿ 13, ಅದನ್ನು 20ರಲ್ಲಿ ಕಳೆದರೆ 7 ಅಂತ ನಾನು ತಿದ್ದಿಸಿದೆ. ಟೀಚರ್ ಅದಕ್ಕೆ ಕೆಂಪು ಗೀಟು ಹಾಕಿದ್ದಾರೆ. ಯಾರು ಸರಿ?

ಉತ್ತರ: ಮಗಳೂ ಸರಿ, ಟೀಚರೂ ಸರಿ. ಪಾಪ, ಅವಳ ಕೈಯಲ್ಲಿ ಸರಿ ಉತ್ತರವನ್ನು ಅಳಿಸಿಬಿಟ್ಟಿದ್ದೀರಿ! ಆದರೆ ಈ ಗೊಂದಲ ತುಂಬಾ ಜನಕ್ಕಿದೆ, ತಪ್ಪು ಆ ಬೋಡ್‌ಮಾಸ್ ಎಂಬ ಪದದ್ದೇ. ಅದರಲ್ಲಿ ಕೂಡುವುದಕ್ಕೂ ಕಳೆಯುವುದಕ್ಕೂ ಒಂದೇ ದರ್ಜೆ. ಬರೆಯುವಾಗ ಯಾವುದೋ ಒಂದು ಅಕ್ಷರ ಮೊದಲು ಬರಲೇಬೇಕಲ್ಲ, ಅದಕ್ಕೆ ಕೂಡುವುದರ (ಅಡಿಷನ್) ಎ ಮುಂದೆ, ಕಳೆಯುವುದರ (ಸಬ್‌ಟ್ರಾಕ್ಷನ್) ಎಸ್ ಹಿಂದೆ, ಅಷ್ಟೇ. ಅಮೆರಿಕದ ಮಕ್ಕಳು ಕಲಿಯುವುದು ಪೆಮ್‌ಡಾಸ್ ಎಂಬ ಇಂಥದ್ದೇ ಪದ. ಅದರಲ್ಲಿ ಗುಣಾಕಾರ ಭಾಗಾಕಾರಕ್ಕಿಂತ ಮುಂದಿದೆ, ಬೋಡ್‌ಮಾಸ್‌ನಲ್ಲಿ ಹಿಂದಿದೆ. ಹಾಗಂತ ಅಲ್ಲೊಂದು ಉತ್ತರ ಇಲ್ಲೊಂದು ಉತ್ತರ ಬರುವುದಿಲ್ಲ. ಬರೀ ಕೂಡು-ಕಳೆ ಇರುವ ಲೆಕ್ಕವನ್ನು ಎಡದಿಂದ ಬಲಕ್ಕೆ ಮಾಡುತ್ತಾ ಹೋದರೆ ಸಾಕು: 20ರಲ್ಲಿ 8 ಹೋದರೆ 12, ಅದಕ್ಕೆ 5 ಸೇರಿದರೆ 17.

ಇನ್ನೂ ಒಂದು ವಿಷಯ ಇದೆ, ನನಗೆ ಅದೇ ಮುಖ್ಯ ಅನಿಸುತ್ತದೆ. ನೀವು ಮೊದಲು ಕೂಡಿದ್ದು ತಪ್ಪಲ್ಲ, 8ರ ಎಡಗಡೆ ಇದ್ದ ಮೈನಸ್ ಅನ್ನು 5ಕ್ಕೂ ಹಚ್ಚಿದ್ದು ತಪ್ಪು. ಚಿಹ್ನೆ ಯಾವಾಗಲೂ ತನ್ನ ಬಲಗಡೆಯ ಸಂಖ್ಯೆಗೆ ಮಾತ್ರ ಸೇರಿದ್ದು. ಇಲ್ಲಿ 8 ಕಳೆಯಬೇಕಾದ ಸಂಖ್ಯೆ, 5 ಕೂಡಬೇಕಾದ ಸಂಖ್ಯೆ. ಬೇಕಿದ್ದರೆ 20ಕ್ಕೆ ಮೊದಲು 5 ಕೂಡಿ 25 ಮಾಡಿ, ಆಮೇಲೆ 8 ಕಳೆಯಿರಿ, ಆಗಲೂ 17. ನೀವು ಮಾಡಿದ್ದು 20 − (8 + 5) ಎಂಬ ಬೇರೆಯೇ ಲೆಕ್ಕ. ಕೂಡಬೇಕಾದ 5 ಅನ್ನು ಕಳೆದಿರಿ, ಹಾಗಾಗಿ ಉತ್ತರ ಸರಿಯಾಗಿ 5ರ ಎರಡರಷ್ಟು, ಅಂದರೆ 10 ಕಡಿಮೆ ಬಂತು.

ಇದು ಗೊತ್ತಾದರೆ ಉದ್ದದ ಲೆಕ್ಕವೂ ಸುಲಭ. 64 − 17 + 36 − 23 ಅಂತ ಕೊಟ್ಟರೆ, ಕೂಡುವುದನ್ನೆಲ್ಲ ಒಂದು ಕಡೆ ಹಾಕಿ (64 + 36 = 100), ಕಳೆಯುವುದನ್ನೆಲ್ಲ ಇನ್ನೊಂದು ಕಡೆ ಹಾಕಿ (17 + 23 = 40), ಕೊನೆಗೆ ಒಂದೇ ಸಲ ಕಳೆದರೆ 60. ಎಡದಿಂದ ಬಲಕ್ಕೆ ಹೋದರೆ 47, 83, 60. ಎರಡೂ ದಾರಿಯಲ್ಲಿ ಮಾಡಿದರೆ ಉತ್ತರ ತಾಳೆ ನೋಡಿದ ಹಾಗೂ ಆಯಿತು, ಅಲ್ವಾ?

ಪ್ರಶ್ನೆ: 5 − 9 + 7 ಎಂಬ ಲೆಕ್ಕದಲ್ಲಿ ಮಗ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತಾನೆ. "5ರಲ್ಲಿ 9 ಹೋಗಲ್ಲ" ಅಂತಾನೆ. ಏನು ಹೇಳಲಿ?

ಉತ್ತರ: ಜಾಗ ಬದಲಿಸಲು ಹೇಳಿ. 7 ತನ್ನ ಪ್ಲಸ್ ಜೊತೆಗೇ ಮುಂದೆ ಬರಲಿ: 5 + 7 − 9. ಈಗ 12ರಲ್ಲಿ 9 ಹೋದರೆ 3. ದೊಡ್ಡವನಾದ ಮೇಲೆ 5 − 9 ಅಂದರೆ −4 ಎಂದು ಕಲಿಯುತ್ತಾನೆ, ಅದಕ್ಕೆ 7 ಕೂಡಿದರೂ 3. ಇಂಥ ಋಣ ಸಂಖ್ಯೆಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ನಮ್ಮ ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಬರೆದಿಟ್ಟಿದ್ದಾನೆ. ಈಗಲೇ ಅದನ್ನೆಲ್ಲ ಮಗುವಿನ ತಲೆಗೆ ತುಂಬಬೇಡಿ.

ಪ್ರಶ್ನೆ: 20 − 8 = 12 + 5 = 17 ಅಂತ ಒಂದೇ ಸಾಲಿನಲ್ಲಿ ಬರೆದರೆ ತಪ್ಪಾ? ಉತ್ತರ ಸರಿಯೇ ಇದೆಯಲ್ಲ?

ಉತ್ತರ: ಉತ್ತರ ಸರಿ, ಬರೆದ ರೀತಿ ತಪ್ಪು. ಓದಿ ನೋಡಿ: 20 − 8 ಅಂದರೆ 12, ಆದರೆ ನೀವು ಅದನ್ನು 12 + 5ಕ್ಕೆ ಸಮ ಅಂತಿದ್ದೀರಿ. 12 ಮತ್ತು 17 ಸಮ ಹೇಗಾಗುತ್ತದೆ? 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಈ ಸಮ ಚಿಹ್ನೆಗೆ (=) ಒಂದೇ ಉದ್ದದ ಎರಡು ಗೆರೆ ಆರಿಸಿದ್ದೇ ಅವಕ್ಕಿಂತ ಸಮವಾದದ್ದು ಬೇರೆ ಇಲ್ಲ ಅಂತ. ಎರಡು ಸಾಲಿನಲ್ಲಿ ಬರೆಸಿ, ಮೇಲೆ 20 − 8 = 12, ಕೆಳಗೆ 12 + 5 = 17. ಚಿಕ್ಕ ತರಗತಿಯಲ್ಲಿ ಇದಕ್ಕೆ ಅಂಕ ಕಳೆಯುವುದು ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ, ಆದರೆ ಬೀಜಗಣಿತ ಶುರುವಾಗುವ ಹೊತ್ತಿಗೆ ಈ ಅಭ್ಯಾಸ ಹೋಗಿರಲೇಬೇಕು.